ಟೀ ಸಿಗುತ್ತೆ, ಆದ್ರೆ ಎಲ್ಲಿ ಕೂತು ಕುಡೀಬೇಕು? ಸೈಕಲ್ ಸವಾರರು ನಿಂತ ಬಾಗಿಲುಗಳ ಕಥೆ

ಸೈಕಲ್ ಓಡಿಸ್ತಾ ಕೇಳ್ತಿದ್ರೆ ದಯವಿಟ್ಟು ಒಂದು ಕಿವಿ ಖಾಲಿ ಬಿಡಿ. ಹಿಂದಿನಿಂದ ಬರೋ ಲಾರಿ ಹಾರ್ನ್ ಕೇಳಿಸ್ಲಿ.

ಇವತ್ತಿನ ಎಪಿಸೋಡ್ ಶುರುವಾಗಿದ್ದು ಒಂದು ಪ್ಲೇಟ್ ಇಡ್ಲಿಯಿಂದ. ಬೆಂಗಳೂರಲ್ಲಿ ಸೈಕಲ್ ತುಳಿಯೋರಿಗೆ ಭಾನುವಾರ ಅಂದ್ರೆ ಬೆಳಗಿನ ಜಾವ ನಾಲ್ಕೂವರೆಗೆ ಅಲಾರಂ. ಕತ್ತಲಲ್ಲೇ ಹೆಬ್ಬಾಳ ದಾಟಿ, ನಂದಿ ಬೆಟ್ಟದ ಕಡೆ. ಹೋಗುವಾಗ ಹುಮ್ಮಸ್ಸು, ಬರುವಾಗ ಹಸಿವು. ಆವತ್ತು ನಾವು ನಾಲ್ಕು ಜನ. ಮೂರು ಹುಡುಗರು, ನಾನೊಬ್ಬಳು. ಹೈವೇ ಪಕ್ಕದ ಒಂದು ಹೋಟೆಲ್ ಮುಂದೆ ಸೈಕಲ್ ಒರಗಿಸಿ, ಹೆಲ್ಮೆಟ್ ತೆಗೆದು, ಹೊರಗಿನ ಟೇಬಲ್ ಹತ್ರ ಕುರ್ಚಿ ಎಳೆದೆ ಅಷ್ಟೇ. ಗಲ್ಲಾದಲ್ಲಿ ಕೂತಿದ್ದ ಯಜಮಾನರು ನನ್ನ ಸೈಕ್ಲಿಂಗ್ ಶಾರ್ಟ್ಸ್ ಕಡೆ ಒಂದ್ಸಲ ನೋಡಿ, ತುಂಬಾ ಮರ್ಯಾದೆಯಿಂದಲೇ ಹೇಳಿದ್ರು: "ಮೇಡಂ, ನೀವು ಒಳಗೆ ಫ್ಯಾಮಿಲಿ ರೂಮಲ್ಲಿ ಕೂತ್ಕೊಳ್ಳಿ."

ನನ್ನ ಫ್ಯಾಮಿಲಿ ಮನೇಲಿ ಮಲಗಿತ್ತು. ಆದ್ರೂ ನಾನು ಹೋದೆ. ಒಳಗೆ ಕಿಟಕಿ ಇಲ್ಲ, ಒಂದು ಟ್ಯೂಬ್‌ಲೈಟು, ಎದುರಿಗೆ ಗೋಡೆ. ಹುಡುಗರು ಹೊರಗೆ ಗಾಳಿಗೆ ಕೂತು ನಗ್ತಿರೋದು ಕೇಳಿಸ್ತಿತ್ತು. ಸೈಕಲ್ ಕಾಣಿಸ್ತಿರ್ಲಿಲ್ಲ. ಇಡ್ಲಿ ಚೆನ್ನಾಗೇ ಇತ್ತು, ಸಾಂಬಾರೂ ಬಿಸಿ ಇತ್ತು. ಆದ್ರೆ ಏನೋ ಒಂದು ಗಂಟಲಲ್ಲಿ ಸಿಕ್ಕಿಕೊಂಡ ಹಾಗಿತ್ತು. ಯಾರೂ ನನ್ನನ್ನ ಬೈದಿಲ್ಲ, ಆಚೆ ಹಾಕಿಲ್ಲ, ತಿಂಡಿ ಕೊಡಲ್ಲ ಅಂದಿಲ್ಲ. ಹಾಗಾದ್ರೆ ನನಗಾದ ಬೇಜಾರಿಗೆ ಹೆಸರೇನು?

ಆ ಹೆಸರು ಹುಡುಕ್ತಾ ಹೋದವಳಿಗೆ ಸಿಕ್ಕಿದ್ದು 1898ರ ಇಂಗ್ಲೆಂಡಿನ ಒಂದು ಹೋಟೆಲ್. ಅಲ್ಲೂ ಒಬ್ಬ ಹೆಂಗಸು, ಅಲ್ಲೂ ಸೈಕಲ್ಲು, ಅಲ್ಲೂ "ನೀವು ಆ ರೂಮಲ್ಲಿ ಕೂತ್ಕೊಳ್ಳಿ" ಅನ್ನೋ ಮಾತು. ಅದು ಕೋರ್ಟಿಗೂ ಹೋಯ್ತು. ಆ ಕೇಸ್ ಅರ್ಥ ಆಗಬೇಕಂದ್ರೆ ಇಪ್ಪತ್ತು ವರ್ಷ ಹಿಂದಿನಿಂದ ಬರಬೇಕು. ಸೈಕಲ್ ತುಳಿಯೋರು ದಾರಿಯಲ್ಲಿ ನಿಂತು ಟೀ ಕುಡಿಯೋ ಜಾಗಗಳು ಹುಟ್ಟಿದ ಕಾಲದಿಂದ.

1870ರ ದಶಕ. ಆಗಿನ ಸೈಕಲ್ ನೀವು ಮ್ಯೂಸಿಯಂನಲ್ಲಿ ನೋಡಿರ್ತೀರಿ. ಮುಂದೆ ಎದೆಮಟ್ಟದ ದೊಡ್ಡ ಚಕ್ರ, ಹಿಂದೆ ಪುಟ್ಟದೊಂದು ಚಕ್ರ. ಬಿದ್ರೆ ತಲೆ ಮುಂದಾಗಿಯೇ ಬೀಳೋದು. ಅದನ್ನ ಹತ್ತಿ ಊರೂರು ಸುತ್ತೋ ಹುಚ್ಚು ಯುವಕರಿಗೆ. ಆದ್ರೆ ದಾರಿಯಲ್ಲಿ ಒಂದು ಸಮಸ್ಯೆ. ಇಂಗ್ಲೆಂಡಿನ ಹಳೇ ಹೆದ್ದಾರಿಗಳಲ್ಲಿ ಕುದುರೆ ಗಾಡಿ ಪ್ರಯಾಣಿಕರಿಗೆ ಅಂತ 'ಇನ್' ಅನ್ನೋ ಮನೆಗಳಿದ್ವು. ನಮ್ಮ ಖಾನಾವಳಿ, ಲಾಡ್ಜು, ಬಾರು ಮೂರೂ ಒಂದೇ ಸೂರಿನಡಿ ಇದ್ದ ಹಾಗೆ. ರೈಲು ಬಂದ ಮೇಲೆ ಕುದುರೆ ಗಾಡಿ ನಿಂತುಹೋಯ್ತು, ಈ ಇನ್‌ಗಳ ವ್ಯಾಪಾರ ಬಿತ್ತು. ಎಷ್ಟೋ ಕಡೆ ಊಟದ ಮನೆ ಧೂಳು ಹಿಡಿದು, ಊರಿನವರು ಬಂದು ಬಿಯರ್ ಕುಡಿಯೋ ಬಾರ್ ಒಂದೇ ಉಳೀತು. ಅಂಥ ಜಾಗಕ್ಕೆ ಮೈಯೆಲ್ಲ ಮಣ್ಣಾಗಿ, ಬೆವರು ಸುರಿಸ್ತಾ ಬರೋ ಸೈಕಲ್‌ನವರನ್ನ ಕಂಡ್ರೆ ಎಲ್ಲ ಮಾಲೀಕರಿಗೂ ಖುಷಿ ಆಗ್ತಿರ್ಲಿಲ್ಲ. ಕೆಲವರು ಬಾಗಿಲಲ್ಲೇ ಮುಖ ಸಿಂಡರಿಸೋರು. ಕೆಲವರು ಬಾಯಿಗೆ ಬಂದ ರೇಟ್ ಹೇಳೋರು.

ಆಗ 1878ರಲ್ಲಿ ಹ್ಯಾರೋಗೇಟ್ ಅನ್ನೋ ಊರಲ್ಲಿ ಬೈಸಿಕಲ್ ಟೂರಿಂಗ್ ಕ್ಲಬ್ ಹುಟ್ಟಿತು. 1883ರಲ್ಲಿ ಅದರ ಹೆಸರು ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಅಂತಾಯ್ತು. ಚಿಕ್ಕದಾಗಿ ಸಿಟಿಸಿ. ಇವತ್ತಿಗೂ ಅದು ಸೈಕ್ಲಿಂಗ್ ಯುಕೆ ಅನ್ನೋ ಹೆಸರಲ್ಲಿ ಇದೆ. ಇವರು ಮಾಡಿದ ಕೆಲಸ ನೋಡಿ, ಇವತ್ತಿನ ಯಾವ ಆ್ಯಪ್‌ಗೂ ಕಮ್ಮಿ ಇಲ್ಲ. ಊರೂರಲ್ಲಿ ತಮ್ಮ ಪ್ರತಿನಿಧಿಗಳನ್ನ ಇಟ್ರು. ಯಾವ ಹೋಟೆಲ್ ಚೆನ್ನಾಗಿದೆ ಅಂತ ನೋಡಿ ಮಾಲೀಕರ ಜೊತೆ ಮಾತಾಡಿ ರೇಟ್ ಫಿಕ್ಸ್ ಮಾಡಿದ್ರು. ಅವುಗಳ ಪಟ್ಟಿಯನ್ನ ಸದಸ್ಯರ ಕೈಪಿಡಿಯಲ್ಲಿ ಅಚ್ಚು ಹಾಕಿದ್ರು. ಒಪ್ಪಿಕೊಂಡ ಹೋಟೆಲ್‌ಗಳ ಗೋಡೆಗೆ ಕಬ್ಬಿಣದ ಒಂದು ಫಲಕ ಬಂತು. ಅದರಲ್ಲಿ ರೆಕ್ಕೆ ಇರೋ ಚಕ್ರದ ಚಿತ್ರ. ಅಂದ್ರೆ, ಇಲ್ಲಿ ಸೈಕಲ್‌ನವರಿಗೆ ಸ್ವಾಗತ ಇದೆ, ಹೇಳಿದ ರೇಟಿಗೇ ಊಟ ಇದೆ. ಸ್ಟಾರ್ ರೇಟಿಂಗ್, ರಿವ್ಯೂ, ಮೆನು ಎಲ್ಲ ಆ ಒಂದು ಫಲಕದಲ್ಲೇ! ಇಂಗ್ಲೆಂಡಿನ ಕೆಲವು ಹಳೇ ಗೋಡೆಗಳ ಮೇಲೆ ಆ ರೆಕ್ಕೆಯ ಚಕ್ರ ಇವತ್ತಿಗೂ ಇದೆ.

ಆ ಕಾಲದ ಲಂಡನ್‌ನವರ 'ನಂದಿ ಬೆಟ್ಟ' ಯಾವುದು ಗೊತ್ತಾ? ರಿಪ್ಲಿ ಅನ್ನೋ ಹಳ್ಳಿ. ಲಂಡನ್ನಿಂದ ಪೋರ್ಟ್ಸ್‌ಮತ್‌ಗೆ ಹೋಗೋ ರಸ್ತೆಯಲ್ಲಿ, ಸರ್ರೀ ಜಿಲ್ಲೆಯಲ್ಲಿದೆ. ಅಲ್ಲಿ ಆ್ಯಂಕರ್ ಅನ್ನೋ ಇನ್. ಅದನ್ನ ನಡೆಸ್ತಿದ್ದ ಡಿಬಲ್ ಕುಟುಂಬದ ಅಕ್ಕತಂಗಿಯರು ಸೈಕಲ್‌ನವರನ್ನ ಮನೆ ಮಕ್ಕಳ ಹಾಗೆ ನೋಡ್ಕೊಳ್ತಿದ್ರು. ವಾರಾಂತ್ಯ ಬಂತು ಅಂದ್ರೆ ಆ ಹಳ್ಳಿಯ ಬೀದಿ ತುಂಬಾ ಸೈಕಲ್ಲು. ಬಂದವರೆಲ್ಲ ಪುಸ್ತಕದಲ್ಲಿ ಹೆಸರು ಬರೆದು ಸಹಿ ಹಾಕೋರು, ನಾವೀಗ ಸ್ಟ್ರಾವಾಗೆ ಹಾಕೋ ಹಾಗೆ. ಒಳ್ಳೆ ಸೈಕ್ಲಿಸ್ಟ್‌ಗಳಿಗೆ ಇದೇ ಮೆಕ್ಕಾ ಅಂತ ಆಗಿನವರೇ ಹೇಳಿಕೊಳ್ತಿದ್ರು. ಆ ಅಕ್ಕತಂಗಿಯರು ತೀರಿಕೊಂಡ ಮೇಲೆ ಸೈಕಲ್‌ನವರು ಆ ಊರಿನ ಚರ್ಚ್‌ನಲ್ಲಿ ಅವರ ನೆನಪಿಗೆ ಸ್ಮಾರಕ ಮಾಡಿಸಿದ್ರು. ಯೋಚನೆ ಮಾಡಿ. ಗೆದ್ದವರ ಹೆಸರಲ್ಲಿ ಸ್ಮಾರಕ ಎಲ್ಲ ಕಡೆ ಇರುತ್ತೆ. ಊಟ ಬಡಿಸಿದವರಿಗೆ, ಟೀ ಕೊಟ್ಟವರಿಗೆ ಎಷ್ಟು ಕಡೆ ಇದೆ?

ಇಲ್ಲಿವರೆಗಿನ ಕಥೆಯಲ್ಲಿ ಸೈಕಲ್ ಮೇಲೆ ಇದ್ದಿದ್ದು ಹೆಚ್ಚಾಗಿ ಗಂಡಸರೇ. ಎತ್ತರದ ಚಕ್ರವನ್ನ ಉದ್ದ ಲಂಗ ಉಟ್ಟುಕೊಂಡು ಹತ್ತೋಕೆ ಆಗ್ತಿರ್ಲಿಲ್ಲ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಅನ್ನೋರು ರೋವರ್ ಸೇಫ್ಟಿ ಸೈಕಲ್ ತಂದ್ರು. ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನು. ನೀವು ನಾನು ಇವತ್ತು ಓಡಿಸೋದು ಅದರ ಮೊಮ್ಮಕ್ಕಳನ್ನೇ. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬಿದ ಟೈರ್‌ಗೆ ಪೇಟೆಂಟ್ ತಗೊಂಡ್ರು. ಅಲ್ಲಿಂದ ಮುಂದೆ ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿ ರಸ್ತೆಗೆ ಬಂದ್ರು. ಜೊತೆಗೆ ಅಣ್ಣನೋ ಗಂಡನೋ ಇಲ್ಲದೆ, ಗಾಡಿಯವನನ್ನ ಕೇಳದೆ, ತಾವೇ ಹೊರಟ್ರು. 1890ರ ದಶಕದ ಕೊನೆಗೆ ಸಿಟಿಸಿ ಸದಸ್ಯರ ಸಂಖ್ಯೆ 60 ಸಾವಿರ ಮುಟ್ಟಿತು.

ಹಾಗೆ ಹೊರಟವರಿಗೆ ಮತ್ತದೇ ಪ್ರಶ್ನೆ. ಎಲ್ಲಿ ನಿಲ್ಲೋದು? ಬಾರ್‌ನಲ್ಲಿ ಗಂಡಸರ ಗುಂಪು, ತಂಬಾಕಿನ ಹೊಗೆ. ಅಲ್ಲಿ ಒಬ್ಬ ಹೆಣ್ಣುಮಗಳು ಕೂತ್ರೆ ಊರೆಲ್ಲ ಮಾತು. ಈ ಖಾಲಿ ಜಾಗ ತುಂಬಿದ್ದೇ ಟೀ ರೂಮ್. ಅದು ಸೈಕಲ್‌ಗಾಗಿಯೇ ಹುಟ್ಟಿದ್ದಲ್ಲ. ಲಂಡನ್ನಿನಲ್ಲಿ ಏರೇಟೆಡ್ ಬ್ರೆಡ್ ಕಂಪನಿ ಅನ್ನೋ ಬೇಕರಿಯವರು 1864ರಲ್ಲೇ ಟೀ ಅಂಗಡಿ ಶುರು ಮಾಡಿದ್ರು. ಗ್ಲಾಸ್ಗೋದಲ್ಲಿ ಕೇಟ್ ಕ್ರ್ಯಾನ್ಸ್ಟನ್ ಅನ್ನೋ ಮಹಿಳೆ 1878ರಿಂದ ಒಂದಾದ ಮೇಲೊಂದು ಟೀ ರೂಮ್ ತೆರೆದ್ರು. 1894ರಲ್ಲಿ ಲಂಡನ್ನಿನ ಪಿಕಡಿಲಿಯಲ್ಲಿ ಲಯನ್ಸ್ ಕಂಪನಿಯ ಮೊದಲ ಟೀ ಅಂಗಡಿ ಬಂತು. ಮದ್ಯಪಾನ ವಿರೋಧಿ ಚಳವಳಿಯ ಗಾಳಿ ಜೋರಾಗಿದ್ದ ಕಾಲ ಅದು, ಬಿಯರ್ ಬದಲು ಟೀ ಕುಡೀರಿ ಅನ್ನೋ ಉಪದೇಶ ಎಲ್ಲ ಕಡೆ. ಒಟ್ಟಿನಲ್ಲಿ ಒಂದು ಹೆಣ್ಣು ಒಬ್ಬಳೇ ಹೋಗಿ, ದುಡ್ಡು ಕೊಟ್ಟು, ಯಾರ ಕಣ್ಣಿಗೂ ಹೆದರದೆ ಕೂತುಕೊಳ್ಳಬಹುದಾದ ಜಾಗ ಅಂದ್ರೆ ಟೀ ರೂಮ್. ಹಳ್ಳಿಗಳಲ್ಲೂ ರಸ್ತೆ ಪಕ್ಕದ ಮನೆಯವರು 'ಇಲ್ಲಿ ಟೀ ಸಿಗುತ್ತೆ' ಅಂತ ಬೋರ್ಡ್ ಹಾಕಿದ್ರು. ಅಂಗಳದಲ್ಲಿ ಎರಡು ಮೇಜು, ಬ್ರೆಡ್ಡು, ಬೆಣ್ಣೆ, ಮೊಟ್ಟೆ, ಒಂದು ಕೆಟಲ್ ಟೀ. ಸೈಕಲ್‌ನವರಿಗೆ ಇನ್ನೇನು ಬೇಕು!

ಒಂದ್ನಿಮಿಷ, ಆ ಕೆಟಲ್ ಒಳಗೆ ಇಣುಕಿ ನೋಡೋಣ. ಅಸ್ಸಾಂನ ಟೀ ಲಂಡನ್ನಿನಲ್ಲಿ ಮೊದಲು ಹರಾಜಾಗಿದ್ದು 1839ರಲ್ಲಿ. 1888ರ ಹೊತ್ತಿಗೆ ಬ್ರಿಟನ್ನಿಗೆ ಚೀನಾದಿಂದ ಬರೋದಕ್ಕಿಂತ ಹೆಚ್ಚು ಟೀ ಇಂಡಿಯಾದಿಂದ ಹೋಗ್ತಿತ್ತು. ಡನ್ಲಪ್ ಟೈರಿಗೂ ಅದೇ ವರ್ಷ, ಕಾಕತಾಳೀಯ. ಆ ಎಲೆ ಕಿತ್ತವರು ಛೋಟಾ ನಾಗಪುರದ ಕಡೆಯಿಂದ ಕರಾರಿಗೆ ಹೆಬ್ಬೆಟ್ಟು ಒತ್ತಿಸಿ ಕರೆದೊಯ್ದ ಜನ. ತೋಟ ಬಿಟ್ಟು ಹೋದ್ರೆ ಅದು ಬರೀ ಕೆಲಸ ಬಿಟ್ಟಿದ್ದಲ್ಲ, ಅಪರಾಧ, ಜೈಲು. ಅಲ್ಲಿ ಸೈಕಲ್ ಏರಿದವಳಿಗೆ ಎಲ್ಲಿ ಬೇಕಾದ್ರೂ ಹೋಗೋ ಸ್ವಾತಂತ್ರ್ಯ. ಅವಳು ನಿಂತು ಕುಡಿದ ಟೀ ಬೆಳೆದವಳಿಗೆ ತೋಟದ ಬೇಲಿ ದಾಟೋ ಹಕ್ಕೂ ಇಲ್ಲ. ಈ ಕಥೆ ಹೇಳುವಾಗ ಇದನ್ನ ಬಿಟ್ಟು ಮುಂದೆ ಹೋಗೋಕೆ ನನಗೆ ಮನಸ್ಸು ಬರ್ಲಿಲ್ಲ.

ಈಗ ಬರೋಣ ಆ ಕೇಸಿಗೆ. ಫ್ಲಾರೆನ್ಸ್ ಪೊಮೆರಾಯ್, ಲೇಡಿ ಹಾರ್ಬರ್ಟನ್. ದೊಡ್ಡ ಮನೆತನದ ಹೆಂಗಸು. 1881ರಲ್ಲಿ ಹುಟ್ಟಿದ 'ರ್‍ಯಾಷನಲ್ ಡ್ರೆಸ್ ಸೊಸೈಟಿ'ಯ ಮುಂದಾಳು. ಉಸಿರು ಕಟ್ಟಿಸೋ ಸೊಂಟಪಟ್ಟಿ, ನೆಲ ಗುಡಿಸೋ ಲಂಗ, ಇವೆಲ್ಲ ಬೇಡ, ಕೈಕಾಲು ಆಡಿಸೋಕೆ ಆಗೋ ಬಟ್ಟೆ ಹಾಕೋಣ ಅನ್ನೋದು ಅವರ ವಾದ. ಸೈಕಲ್ ಮೇಲೆ ಅವರ ಉಡುಪು ಅಂದ್ರೆ ಮಂಡಿ ಕೆಳಗೆ ಕಟ್ಟಿದ ದೊಗಲೆ ಚಡ್ಡಿ, ಮೇಲೆ ಕೋಟು. ನಮ್ಮ ಕಣ್ಣಿಗೆ ಮೈ ತುಂಬಾ ಬಟ್ಟೆ. ಆಗಿನವರ ಕಣ್ಣಿಗೆ? ಕೇಳಲೇಬೇಡಿ.

1898ರ ಅಕ್ಟೋಬರ್ 27. ಅವರಿಗೆ ಆಗ ಐವತ್ತೈದರ ಹತ್ತಿರ ವಯಸ್ಸು. ಸೈಕಲ್ ಮೇಲೆ ಸರ್ರೀಯ ಆಕಮ್ ಅನ್ನೋ ಹಳ್ಳಿಗೆ ಬಂದ್ರು. ರಿಪ್ಲಿಯಿಂದ ಕೂಗಳತೆ ದೂರ ಅನ್ನಬಹುದು. ಅಲ್ಲಿ ಹಾಟ್‌ಬಾಯ್ ಅನ್ನೋ ಹೋಟೆಲ್. ಒಳಗೆ ಹೋಗಿ ಕಾಫಿ ರೂಮಲ್ಲಿ ಮಧ್ಯಾಹ್ನದ ಊಟ ಕೇಳಿದ್ರು. ಕಾಫಿ ರೂಮ್ ಅಂದ್ರೆ ಹೆಸರಿಗೆ ಕಾಫಿ, ನಿಜದಲ್ಲಿ ಅದು ಮರ್ಯಾದಸ್ಥರು ಕೂತು ಊಟ ಮಾಡೋ ಮನೆ. ಹೋಟೆಲ್ ನಡೆಸ್ತಿದ್ದ ಮಾರ್ಥಾ ಸ್ಪ್ರೇಗ್ ಅನ್ನೋ ಮಹಿಳೆ ಇವರ ಚಡ್ಡಿ ನೋಡಿ, ಈ ಬಟ್ಟೆಯಲ್ಲಿ ಕಾಫಿ ರೂಮಿಗೆ ಬಿಡೋಕೆ ಆಗಲ್ಲ ಅಂದ್ರು. ಬೇಕಿದ್ರೆ ಬಾರ್ ಪಕ್ಕದ ರೂಮಲ್ಲಿ ಕೂತು ತಿನ್ನಿ ಅಂದ್ರು. ಲೇಡಿ ಹಾರ್ಬರ್ಟನ್ ಹೋಗಿ ನೋಡಿದ್ರೆ ಅಲ್ಲಿ ಗಂಡಸರು ಕುಡೀತಾ ಕೂತಿದ್ದಾರೆ, ತಂಬಾಕಿನ ವಾಸನೆ. ಇಲ್ಲಿ ಕೂರಲ್ಲ ಅಂದ್ರು. ಊಟ ಮಾಡದೆ ಸೈಕಲ್ ಹತ್ತಿ ಹೋದ್ರು.

ನೋಡಿ, ಎಷ್ಟು ತಮಾಷೆ. ಚಡ್ಡಿ ಹಾಕಿದ್ದಕ್ಕೆ ಅವರನ್ನ ಗಂಡಸರ ಮಧ್ಯೆ ಕಳಿಸಿದ್ರು. ನಾನು ಚಡ್ಡಿ ಹಾಕಿದ್ದಕ್ಕೆ ನನ್ನನ್ನ ಗಂಡಸರಿಂದ ದೂರ ಕಳಿಸಿದ್ರು. ರೂಮ್ ಬೇರೆ, ತರ್ಕ ಒಂದೇ. ಊಟ ಕೊಡ್ತೀವಿ, ಆದ್ರೆ ನೀನು ಎಲ್ಲಿ ಕೂರಬೇಕು ಅನ್ನೋದನ್ನ ನಾವು ಹೇಳ್ತೀವಿ.

ಲೇಡಿ ಹಾರ್ಬರ್ಟನ್ ಸಿಟಿಸಿಯ ಸದಸ್ಯೆ. ಕ್ಲಬ್ ಅವರ ಬೆನ್ನಿಗೆ ನಿಂತು ಹೋಟೆಲ್‌ನವರ ಮೇಲೆ ಕೇಸ್ ಹಾಕಿಸಿತು. ಕೇಸಿಗೆ ಆಧಾರ ಇಂಗ್ಲೆಂಡಿನ ಒಂದು ಹಳೇ ಕಾನೂನು. ಇನ್ ನಡೆಸೋರು, ಜಾಗ ಇದ್ದು, ಬಂದವರು ದುಡ್ಡು ಕೊಡೋಕೆ ತಯಾರಿದ್ರೆ, ದಾರಿಹೋಕರಿಗೆ ಸರಿಯಾದ ಕಾರಣ ಇಲ್ಲದೆ ಊಟ ವಸತಿ ಇಲ್ಲ ಅನ್ನೋ ಹಾಗಿಲ್ಲ. ಕತ್ತಲಾದ ಮೇಲೆ ದಾರಿಯಲ್ಲಿ ಸಿಕ್ಕಿಕೊಂಡವರಿಗೆ ಬೇರೆ ಗತಿ ಇಲ್ಲದ ಕಾಲದ ಕಾನೂನು ಅದು. 1899ರ ಏಪ್ರಿಲ್ 5ರಂದು ಕಿಂಗ್ಸ್ಟನ್‌ನಲ್ಲಿ ವಿಚಾರಣೆ. ಪೇಪರ್‌ಗಳಿಗೆ ಹಬ್ಬ.

ತೀರ್ಪು? ಲೇಡಿ ಹಾರ್ಬರ್ಟನ್ ಕಡೆಯವರು ಸೋತ್ರು. ಹೋಟೆಲ್‌ನವರದ್ದು ತಪ್ಪಿಲ್ಲ ಅಂತ ಜ್ಯೂರಿ ಹೇಳಿತು. ಊಟ ಇಲ್ಲ ಅಂದಿಲ್ವಲ್ಲ, ಬೇರೆ ರೂಮಲ್ಲಿ ಕೊಡ್ತೀವಿ ಅಂದಿದ್ರಲ್ಲ. ಕಾನೂನು ಊಟದ ಮಾತಾಡುತ್ತೆ, ಕುರ್ಚಿಯ ಮಾತಾಡಲ್ಲ. ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಏನು ಅಂತ ನನಗೆ ಗೊತ್ತಾಗಿದ್ದು ಈ ತೀರ್ಪಿನ ಬಗ್ಗೆ ಓದಿದಾಗ. ನನಗೂ ಇಡ್ಲಿ ಸಿಕ್ಕಿತ್ತು. ಸಿಗದೇ ಇದ್ದಿದ್ದು ಕುರ್ಚಿ.

ಆ ಮಾರ್ಥಾ ಸ್ಪ್ರೇಗ್ ಅವರನ್ನ ವಿಲನ್ ಮಾಡೋಕೆ ನನಗಿಷ್ಟ ಇಲ್ಲ. ಅವರೂ ಹೋಟೆಲ್ ನಡೆಸಿ ಬದುಕ್ತಿದ್ದ ಹೆಂಗಸೇ. ಬಂದ ಗಿರಾಕಿ ಎದ್ದು ಹೋದ್ರೆ ನಷ್ಟ ಅವರಿಗೆ. ಆದ್ರೆ ಎದ್ದು ಹೋಗೋ ಗಿರಾಕಿಯ ಭಯಕ್ಕೆ ಬೆಲೆ ತೆರೋದು ಯಾವಾಗಲೂ ಬಾಗಿಲಲ್ಲಿ ನಿಂತ ಗಿರಾಕಿ. ಇದೇ ಭಯ ಮುಂದೆ ಇನ್ನೊಂದು ಹೋಟೆಲ್‌ನಲ್ಲೂ ಬರುತ್ತೆ, ಹೇಳ್ತೀನಿ.

ಅದಕ್ಕೆ ಮೊದಲು, ಇನ್ನೊಬ್ಬರ ಬಾಗಿಲು ತಟ್ಟೋದು ಯಾಕೆ, ನಮ್ಮದೇ ಮನೆ ಕಟ್ಟಿಕೊಳ್ಳೋಣ ಅಂದವರ ಕಥೆ ಕೇಳಿ. 1894ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕ್ಲ್ಯಾರಿಯನ್ ಸೈಕ್ಲಿಂಗ್ ಕ್ಲಬ್ ಹುಟ್ಟಿತು. ರಾಬರ್ಟ್ ಬ್ಲ್ಯಾಚ್‌ಫೋರ್ಡ್ ಅನ್ನೋರು ನಡೆಸ್ತಿದ್ದ ಕ್ಲ್ಯಾರಿಯನ್ ಅನ್ನೋ ಸಮಾಜವಾದಿ ವಾರಪತ್ರಿಕೆಯ ಹೆಸರು ಅದು. ಸೈಕಲ್ ರೇಟ್ ಇಳಿದು, ಸೆಕೆಂಡ್ ಹ್ಯಾಂಡ್ ಸೈಕಲ್ ಸಿಗ್ತಾ, ಮಿಲ್ ಕಾರ್ಮಿಕರ ಕೈಗೂ ಎಟುಕಿದ ಹೊತ್ತು. ವಾರವೆಲ್ಲ ಫ್ಯಾಕ್ಟರಿ ಹೊಗೆ, ಭಾನುವಾರ ಸೈಕಲ್ಲು. ಬ್ಯಾಗಲ್ಲಿ ಪತ್ರಿಕೆ, ಹಳ್ಳಿ ಹಳ್ಳಿಯಲ್ಲಿ ನಿಂತು ಭಾಷಣ. ದಾರಿಯಲ್ಲಿ ಇನ್ನೊಬ್ಬ ಕ್ಲ್ಯಾರಿಯನ್ ಸದಸ್ಯ ಎದುರಾದ್ರೆ ಒಬ್ಬರು "ಬೂಟ್ಸ್!" ಅಂತ ಕೂಗೋದು, ಇನ್ನೊಬ್ಬರು "ಸ್ಪರ್ಸ್!" ಅನ್ನೋದು. ನಾವು ಈಗ ರಸ್ತೆಯಲ್ಲಿ ಅಪರಿಚಿತ ಸೈಕ್ಲಿಸ್ಟ್ ಕಂಡ್ರೆ ಕೈ ಎತ್ತುತ್ತೀವಲ್ಲ, ಹಾಗೆ.

ಇವರು ತಮ್ಮದೇ ಕ್ಲಬ್‌ಹೌಸ್‌ಗಳನ್ನ ಮಾಡಿಕೊಂಡ್ರು. ಅವುಗಳ ಪೈಕಿ ಒಂದು ಇವತ್ತಿಗೂ ನಿಂತಿದೆ. ಲ್ಯಾಂಕಾಷೈರ್‌ನ ನೆಲ್ಸನ್ ಅನ್ನೋ ಬಟ್ಟೆ ಮಿಲ್‌ಗಳ ಊರಿನ ಹತ್ತಿರ, ರಫ್ಲೀ ಅನ್ನೋ ಹಳ್ಳಿ ಪಕ್ಕ. ನೇಕಾರರ ಸಂಘದಿಂದ ಸಾಲ ತಗೊಂಡು, ಆ ಊರಿನ ಇಂಡಿಪೆಂಡೆಂಟ್ ಲೇಬರ್ ಪಾರ್ಟಿಯವರು 1912ರಲ್ಲಿ ಅದನ್ನ ತೆರೆದ್ರು. ಹೆಸರು ಕ್ಲ್ಯಾರಿಯನ್ ಹೌಸ್. ಉದ್ದ ಬೆಂಚು, ಉದ್ದ ಮೇಜು, ಗೋಡೆ ಮೇಲೆ ಕಾರ್ಮಿಕ ನಾಯಕರ ಫೋಟೋ. ತಿಂಡಿ ಬೇಕಾದ್ರೆ ಮನೆಯಿಂದಲೇ ಕಟ್ಕೊಂಡು ಬನ್ನಿ, ಟೀ ಮಾತ್ರ ನಾವು ಕೊಡ್ತೀವಿ. ಅದೂ ಸಣ್ಣ ಕಪ್ಪಲ್ಲಲ್ಲ, ಅರ್ಧ ಲೀಟರ್ ಹಿಡಿಯೋ ದೊಡ್ಡ ಮಗ್ಗಲ್ಲಿ. ಲಾಭಕ್ಕೆ ಅಲ್ಲ, ಕೆಲಸ ಮಾಡೋರು ಸ್ವಯಂಸೇವಕರು. ಸೈಕಲ್‌ನವರು ಬರಲಿ, ನಡ್ಕೊಂಡು ಬೆಟ್ಟ ಸುತ್ತೋರು ಬರಲಿ, ಎಲ್ಲರಿಗೂ ಒಂದೇ ಬೆಂಚು. ಅಲ್ಲಿ ಕಾಫಿ ರೂಮ್ ಬೇರೆ, ಬಾರ್ ರೂಮ್ ಬೇರೆ ಅನ್ನೋ ಮಾತೇ ಇಲ್ಲ.

ಇದನ್ನ ಓದುವಾಗ ನನಗೆ ನಮ್ಮ ದರ್ಶಿನಿಗಳು ನೆನಪಾದ್ವು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ದರ್ಶಿನಿಯಲ್ಲಿ ಕುರ್ಚಿಯನ್ನೇ ತೆಗೆದುಬಿಟ್ರು! ಎಲ್ಲರೂ ನಿಂತ್ಕೊಂಡೇ ತಿನ್ನಬೇಕು. ಜಾಗ ಉಳಿಸೋಕೆ, ಬೇಗ ಬೇಗ ಗಿರಾಕಿ ಕಳಿಸೋಕೆ ಮಾಡಿದ್ದಿರಬಹುದು. ಆದ್ರೆ ಕಾರಲ್ಲಿ ಬಂದ ಸಾಹೇಬ್ರು, ಗಾರೆ ಕೆಲಸದವರು, ಕಾಲೇಜು ಹುಡುಗಿ, ಬೆವರಿನ ಜೆರ್ಸಿಯ ನಾನು, ಎಲ್ಲರ ಮೊಣಕೈಯೂ ಒಂದೇ ಕಲ್ಲಿನ ಮೇಲೆ. ನಂದಿಯಿಂದ ವಾಪಸ್ ಬರುವಾಗ ಸೈಕಲ್‌ನವರು ದರ್ಶಿನಿ ಹುಡುಕೋದು ಬರೀ ಖಾರಾಬಾತ್‌ಗೆ ಅಲ್ಲ ಅಂತ ನನಗೀಗ ಅನಿಸುತ್ತೆ.

ಇಂಗ್ಲೆಂಡಿಗೆ ವಾಪಸ್ ಹೋಗೋಣ. 1930ರ ದಶಕ ಅಲ್ಲಿನ ಸೈಕಲ್ ಕೆಫೆಗಳ ಸುಗ್ಗಿ ಕಾಲ. 1930ರಲ್ಲಿ ಯೂತ್ ಹಾಸ್ಟೆಲ್ ಸಂಘ ಹುಟ್ಟಿತು, ಕಡಿಮೆ ದುಡ್ಡಲ್ಲಿ ಮಲಗೋ ಜಾಗ ಸಿಕ್ತು. ರಸ್ತೆ ಕೂಡೋ ಕಡೆಯೆಲ್ಲ ಟೀ ಅಂಗಡಿ. ಇದರ ಮಧ್ಯೆ ಬಿಲ್ಲಿ ಡೋವೀ ಅನ್ನೋ 23 ವರ್ಷದ ಹುಡುಗಿ ಒಂದು ಹುಚ್ಚು ಕೆಲಸಕ್ಕೆ ಇಳಿದ್ಲು. 1938ರ ಜನವರಿಯಿಂದ ಡಿಸೆಂಬರ್‌ವರೆಗೆ, ಪ್ರತಿದಿನ, ಮಳೆಯೋ ಹಿಮವೋ, ಸೈಕಲ್ ತುಳಿಯೋದು. ವರ್ಷದ ಕೊನೆಗೆ ಲೆಕ್ಕ 29,603.7 ಮೈಲಿ. ನಮ್ಮ ಲೆಕ್ಕದಲ್ಲಿ ಸುಮಾರು 47,600 ಕಿಲೋಮೀಟರ್. ದಿನಕ್ಕೆ ಸರಾಸರಿ 130. ಮೂರು ಗೇರಿನ ಭಾರದ ಸೈಕಲ್ಲು, ಒಂದು ಪುಟ್ಟ ಬ್ಯಾಗು. ಸಾಯಂಕಾಲ ಊರುಗಳಲ್ಲಿ ಆರೋಗ್ಯದ ಬಗ್ಗೆ ಭಾಷಣ ಬೇರೆ! ಆಕೆ 2014ರಲ್ಲಿ, ನೂರು ವರ್ಷ ತುಂಬು ಬಾಳಿ ತೀರಿಕೊಂಡ್ರು.

ಆಗಿನ ಫೋಟೋಗಳಲ್ಲಿ ಆಕೆ ಶಾರ್ಟ್ಸ್ ಹಾಕಿ ನಿಂತಿದ್ದಾಳೆ. ಲೇಡಿ ಹಾರ್ಬರ್ಟನ್ ಊಟ ಬಿಟ್ಟು ಹೋಗಿ ಬರೀ ನಲವತ್ತು ವರ್ಷ. ಕೋರ್ಟಲ್ಲಿ ಸೋತ ಕೇಸ್ ರಸ್ತೆಯಲ್ಲಿ ಗೆದ್ದಿತ್ತು. 365 ದಿನ ಎಲ್ಲೋ ಒಂದು ಕಡೆ ನಿಂತು, ಏನೋ ತಿಂದು, ಮತ್ತೆ ಹೊರಡಬೇಕು ಅಂದ್ರೆ ಅಷ್ಟು ಬಾಗಿಲು ತೆರೆದಿರಬೇಕಲ್ವಾ? ದಾಖಲೆ ಆಕೆಯದ್ದು. ಆದ್ರೆ ಆ ದಾಖಲೆಯೊಳಗೆ ಹೆಸರಿಲ್ಲದ ಎಷ್ಟೋ ಟೀ ಅಂಗಡಿಗಳಿವೆ ಅಂತ ನನ್ನ ನಂಬಿಕೆ.

ಆಮೇಲೆ ಯುದ್ಧ. 1940ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ಟೀಗೆ ರೇಷನ್ ಬಂತು. ಒಬ್ಬರಿಗೆ ವಾರಕ್ಕೆ ಸುಮಾರು 57 ಗ್ರಾಂ ಟೀಪುಡಿ. ಅದು ಮುಗಿಯೋಕೆ 1952 ಬರಬೇಕಾಯ್ತು.

ಆ ಯುದ್ಧದ ಮಧ್ಯೆಯೇ ನಾನು ಆಗಲೇ ಹೇಳಿದ ಇನ್ನೊಂದು ಹೋಟೆಲ್ ಕಥೆ. ಇದರಲ್ಲಿ ಸೈಕಲ್ ಇಲ್ಲ, ಆದ್ರೆ ಕ್ಲ್ಯಾರಿಯನ್ ಹೌಸ್ ಪಕ್ಕದ ಅದೇ ನೆಲ್ಸನ್ ಊರಿದೆ. ಕ್ರಿಕೆಟ್ ನೋಡೋರು ಲಿಯರಿ ಕಾನ್‌ಸ್ಟಂಟೈನ್ ಹೆಸರು ಕೇಳಿರಬಹುದು. ಟ್ರಿನಿಡಾಡ್‌ನವರು, ವೆಸ್ಟ್ ಇಂಡೀಸ್‌ನ ಮಹಾನ್ ಆಲ್‌ರೌಂಡರ್. 1929ರಿಂದ ನೆಲ್ಸನ್ ಕ್ರಿಕೆಟ್ ಕ್ಲಬ್‌ಗೆ ಆಡ್ತಾ ಆ ಊರಲ್ಲೇ ಮನೆ ಮಾಡಿದ್ರು. 1943ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಮ್ಯಾಚ್ ಆಡೋಕೆ ಹೆಂಡತಿ ಮಗಳ ಜೊತೆ ಲಂಡನ್ನಿಗೆ ಹೋದ್ರು. ಇಂಪೀರಿಯಲ್ ಹೋಟೆಲ್‌ನಲ್ಲಿ ರೂಮ್ ಮೊದಲೇ ಬುಕ್ ಆಗಿತ್ತು. ಹೋದ ಮೇಲೆ ಹೋಟೆಲ್‌ನವರು ಒಂದೇ ರಾತ್ರಿ ಇರಬಹುದು ಅಂದ್ರು. ಕಾರಣ ಬಣ್ಣ. ಅಲ್ಲಿದ್ದ ಅಮೆರಿಕನ್ ಸೈನಿಕರು ಬೇಜಾರು ಮಾಡ್ಕೊಳ್ತಾರಂತೆ! ಅದೇ ಕಂಪನಿಯ ಇನ್ನೊಂದು ಹೋಟೆಲ್‌ಗೆ ಹೋಗಿ ಅಂದ್ರು. ಕೇಳಿಸ್ತಾ? ಆ ರೂಮಲ್ಲಿ ಕೂತ್ಕೊಳ್ಳಿ.

ಕಾನ್‌ಸ್ಟಂಟೈನ್ ಕೋರ್ಟಿಗೆ ಹೋದ್ರು. ಆಧಾರ, ದಾರಿಹೋಕರನ್ನ ಇಲ್ಲ ಅನ್ನೋ ಹಾಗಿಲ್ಲ ಅನ್ನೋ ಅದೇ ಹಳೇ ಕಾನೂನು. ಈ ಸಲ, 1944ರಲ್ಲಿ, ಗೆದ್ರು. ಬೇರೆ ಕಡೆ ಜಾಗ ಸಿಕ್ತಲ್ಲ ಅನ್ನೋ ವಾದ ಹೋಟೆಲ್‌ನವರನ್ನ ಉಳಿಸಲಿಲ್ಲ. ಪರಿಹಾರ ಬರೀ ಐದು ಗಿನಿ, ಅಂದ್ರೆ ಐದು ಪೌಂಡಿಗಿಂತ ಸ್ವಲ್ಪ ಜಾಸ್ತಿ. ಆದ್ರೆ ದುಡ್ಡಿನ ಪ್ರಶ್ನೆ ಅಲ್ವಲ್ಲ. ಬಣ್ಣ ನೋಡಿ ಹೋಟೆಲ್, ರೆಸ್ಟೋರೆಂಟ್ ಬಾಗಿಲು ಹಾಕೋದನ್ನ ತಡೆಯೋ ಪ್ರತ್ಯೇಕ ಕಾನೂನು ಬ್ರಿಟನ್ನಿನಲ್ಲಿ ಬಂದಿದ್ದು 1965ರಲ್ಲಿ.

ನಮ್ಮಲ್ಲಿ? ನಮ್ಮ ಸಂವಿಧಾನ ಇದನ್ನ ಮೊದಲೇ ಬರೆದಿಟ್ಟಿದೆ. 1950ರ ಜನವರಿ 26ರಿಂದ ಜಾರಿಯಲ್ಲಿರೋ 15ನೇ ವಿಧಿಯ ಎರಡನೇ ಭಾಗ ತೆಗೆದು ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗ, ಇವುಗಳ ಕಾರಣಕ್ಕೆ ಅಂಗಡಿ, ಹೋಟೆಲ್, ಸಾರ್ವಜನಿಕ ಉಪಾಹಾರ ಗೃಹಗಳಿಗೆ ಯಾರನ್ನೂ ತಡೆಯೋ ಹಾಗಿಲ್ಲ. ಅಷ್ಟು ದೊಡ್ಡ ಪುಸ್ತಕದಲ್ಲಿ ಹೋಟೆಲ್ ಮಾತು ಯಾಕೆ ಬಂತು? ಬರೆದವರಿಗೆ ಗೊತ್ತಿತ್ತು. ಜಾತಿಗೊಂದು ಕೋಣೆ ಇಟ್ಟ ಹೋಟೆಲ್‌ಗಳನ್ನ, ದಲಿತರಿಗೆ ಬೇರೆ ಲೋಟ ಇಟ್ಟ ಟೀ ಅಂಗಡಿಗಳನ್ನ ಕಂಡ ದೇಶ ಇದು. ಟೀ ಕೊಡೋರು, ಆದ್ರೆ ಲೋಟ ಬೇರೆ, ಕೂರೋ ಜಾಗ ಬೇರೆ. ನನ್ನ ಫ್ಯಾಮಿಲಿ ರೂಮಿನ ಬೇಜಾರನ್ನ ಆ ನೋವಿನ ಪಕ್ಕ ಇಟ್ಟು ತೂಗೋಕೆ ನನಗೆ ಧೈರ್ಯ ಇಲ್ಲ. ಆದ್ರೆ ಟೀ ಸಿಕ್ತಲ್ಲ, ಇನ್ನೇನು ಅನ್ನೋ ಮಾತು ಎಷ್ಟು ಹಳೇದು, ಎಷ್ಟು ಕ್ರೂರ ಅಂತ ಅರ್ಥ ಆಗೋಕೆ ಅದು ಸಾಕಾಯ್ತು.

ಮುಂದಿನ ಕಥೆ ಚಿಕ್ಕದು. ಬ್ರಿಟನ್ನಿನಲ್ಲಿ 1949ರಲ್ಲಿ ಜನ ಒಟ್ಟು ಸುಮಾರು 2,400 ಕೋಟಿ ಕಿಲೋಮೀಟರ್ ಸೈಕಲ್ ತುಳಿದಿದ್ರು. 1973ಕ್ಕೆ ಅದು 400 ಕೋಟಿಗಿಂತ ಕೆಳಗೆ ಬಿತ್ತು. ಕಾರು ಬಂತು, 1959ರಲ್ಲಿ ಮೊದಲ ದೊಡ್ಡ ಮೋಟಾರ್‌ವೇ ಬಂತು, ಅದರ ಪಕ್ಕ ದೊಡ್ಡ ಪಾರ್ಕಿಂಗ್ ಇರೋ ಊಟದ ಮನೆಗಳು ಬಂದ್ವು. ಸೈಕಲ್‌ನವರ ಎಷ್ಟೋ ಟೀ ಅಂಗಡಿ ಮುಚ್ಚಿದ್ವು. ನಮ್ಮ ಹೈವೇಗಳಲ್ಲೂ ಫ್ಲೈಓವರ್ ಬಂದ ಮೇಲೆ ಕೆಳಗಡೆ ಇದ್ದ ಹಳೇ ಹೋಟೆಲ್ ಏನಾಯ್ತು ಅಂತ ನಿಮಗೇ ಗೊತ್ತು. ಕಾರು ನೂರರಲ್ಲಿ ಹೋಗುವಾಗ ಬೋರ್ಡ್ ಓದೋಕೂ ಟೈಮಿಲ್ಲ. ಸೈಕಲ್‌ನವರಿಗೆ ಮಾತ್ರ ಒಗ್ಗರಣೆ ವಾಸನೆ ಮೊದಲು ಬರುತ್ತೆ, ಬೋರ್ಡ್ ಆಮೇಲೆ ಕಾಣುತ್ತೆ.

ಕೆಲವರು ಕೇಳ್ತಾರೆ, ಸೈಕಲ್‌ನವರಿಗೆ ಒಳ್ಳೆ ಹೋಟೆಲ್ ಅಂದ್ರೆ ಏನಿರಬೇಕು ಅಂತ. ಬ್ರ್ಯಾಂಡೆಡ್ ಕಾಫಿ ಬೇಡ, ಗೋಡೆ ಮೇಲೆ ರೇಸ್ ಫೋಟೋ ಬೇಡ. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದಿರಲಿ. ಕೂತಲ್ಲಿಂದ ಸೈಕಲ್ ಕಾಣಲಿ. ಬಾಟಲಿಗೆ ನೀರು ತುಂಬಿಸ್ಕೊಳ್ಳಿ ಅನ್ನಲಿ. ಹೆಂಗಸರಿಗೂ ಚಿಲಕ ಇರೋ ಟಾಯ್ಲೆಟ್ ಇರಲಿ. ಬೆವರಿನ ಬಟ್ಟೆ ನೋಡಿ ಮುಖ ತಿರುಗಿಸದೇ ಇರಲಿ. ಮತ್ತೆ, ಎಲ್ಲಿ ಕೂರಬೇಕು ಅನ್ನೋದನ್ನ ನಮಗೇ ಬಿಡಲಿ. ರೆಕ್ಕೆಯ ಚಕ್ರದ ಫಲಕಕ್ಕೆ ಇದಕ್ಕಿಂತ ಬೇರೆ ಅರ್ಥ ಇರ್ಲಿಲ್ಲ.

ಹೋದ ತಿಂಗಳು ಅದೇ ಹೈವೇ ಹೋಟೆಲ್‌ಗೆ ಮತ್ತೆ ಹೋದೆ. ಈ ಸಲ ಒಬ್ಬಳೇ. ಅದೇ ಶಾರ್ಟ್ಸ್. ಹೊರಗಿನ ಕುರ್ಚಿಗೆ ಕೈ ಹಾಕಿದೆ, ಯಜಮಾನರು ಬಾಯಿ ತೆರೆಯೋಕೆ ಮೊದಲೇ ಹೇಳಿದೆ, "ಸರ್, ಇಲ್ಲೇ ಕೂರ್ತೀನಿ. ನನ್ನ ಸೈಕಲ್ ಕಾಣ್ಬೇಕು." ಅವರು ಒಂದು ಕ್ಷಣ ಸುಮ್ಮನಿದ್ರು. "ಗಂಡಸ್ರೆಲ್ಲ ಓಡಾಡ್ತಿರ್ತಾರೆ ಮೇಡಂ, ನಿಮಗೇ ಮುಜುಗರ ಆಗಬಾರ್ದು ಅಂತ ಹೇಳಿದ್ದು," ಅಂದ್ರು. ನನಗೆ ಮುಜುಗರ ಇಲ್ಲ ಸರ್ ಅಂದೆ. ಅವರಿಗೆ ಪೂರ್ತಿ ಒಪ್ಪಿಗೆ ಆಯ್ತು ಅಂತ ನಾನು ಹೇಳಲ್ಲ. ಆದ್ರೆ ಮಾಣಿಯನ್ನ ಕರೆದು, "ಹೊರಗಡೆ ಒಂದ್ ಪ್ಲೇಟ್ ಇಡ್ಲಿ" ಅಂತ ಕೂಗಿದ್ರು.

ಹೊರಗಡೆ. ಆ ಒಂದು ಪದ ಕೇಳೋಕೆ ಎಷ್ಟು ಚೆನ್ನಾಗಿತ್ತು ಗೊತ್ತಾ? ಗಾಳಿಗೆ ಕೂತು, ಸೈಕಲ್ ನೋಡ್ತಾ, ಇಡ್ಲಿ ತಿಂದು, ಒಂದು ಲೋಟ ಟೀ ಕುಡಿದೆ. ನಿಮ್ಮ ದಾರಿಯಲ್ಲೂ ಅಂಥದ್ದೊಂದು ಜಾಗ ಇದ್ರೆ, ಬಾಗಿಲು ತೆರೆದಿಟ್ಟವರಿಗೆ ಮುಂದಿನ ಸಲ ಒಂದು ನಮಸ್ಕಾರ ಹೇಳಿ. ಆ್ಯಂಕರ್‌ನ ಅಕ್ಕತಂಗಿಯರಿಗೆ ಸಿಕ್ಕ ಹಾಗೆ ಸ್ಮಾರಕ ಸಿಗೋವರೆಗೆ ಕಾಯೋದು ಬೇಡ.

ಮುಂದಿನ ವಾರ ಸಿಗೋಣ. ಅಲ್ಲಿವರೆಗೆ ಟೈರಲ್ಲಿ ಗಾಳಿ ಇರಲಿ. ನಮಸ್ಕಾರ.